ಎದೆಹಾಲು, ರಾಗಿ ಸರಿ ಮತ್ತು ಕೂಸಿನ ಕಬ್ಬಿಣ

ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಆದರೂ ಕೂಸು ಆರು ತಿಂಗಳು ಅದೊಂದರಲ್ಲೇ ಬೆಳೆಯುತ್ತದಲ್ಲ, ಹೇಗೆ? 19ನೇ ಶತಮಾನದ ಕೊನೆಗೆ ಬಾಸೆಲ್‌ನ ವಿಜ್ಞಾನಿ ಗುಸ್ತಾವ್ ಫಾನ್ ಬುಂಗೆ ಉತ್ತರ ಸೂಚಿಸಿದರು: ಹುಟ್ಟುವ ಮೊದಲೇ ಕೂಸು ಕಬ್ಬಿಣವನ್ನು ಮೈಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ಆ ದಾಸ್ತಾನು ಕರಗುವ ಹೊತ್ತಿಗೆ ಏನು ಮಾಡಬೇಕೆಂಬ ಪ್ರಶ್ನೆ ಅಂದಿನಿಂದಲೂ ಸಂಶೋಧಕರನ್ನು ಕಾಡುತ್ತಿದೆ.

1928ರಲ್ಲಿ ವೈದ್ಯೆ ಹೆಲೆನ್ ಮೆಕೇ, ಪೂರ್ವ ಲಂಡನ್ನಿನ ಬಡ ಶಿಶುಗಳಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂದೂ ಕಬ್ಬಿಣ ಕೊಟ್ಟು ಅದನ್ನು ತಡೆಯಬಹುದೆಂದೂ ತೋರಿಸಿದರು. 1970ರ ದಶಕದ ಅಧ್ಯಯನಗಳು ತಾಯಂದಿರಿಗೆ ಸಮಾಧಾನ ತಂದವು. ಎದೆಹಾಲಿನ ಕಬ್ಬಿಣದಲ್ಲಿ ಸುಮಾರು ಅರ್ಧದಷ್ಟನ್ನು ಮಗು ಹೀರಿಕೊಳ್ಳುತ್ತದೆ; ಹಸುವಿನ ಹಾಲಿನದು ಮೈಗೆ ಹತ್ತುವುದು ಅದಕ್ಕಿಂತ ಬಹಳ ಕಡಿಮೆ. 2006ರಲ್ಲಿ ಮೆಕ್ಸಿಕೋದ ಪ್ರಯೋಗವೊಂದು ಹೆರಿಗೆ ಕೋಣೆಯತ್ತಲೇ ಕಣ್ಣು ತಿರುಗಿಸಿತು. ಹೊಕ್ಕುಳಬಳ್ಳಿ ಕತ್ತರಿಸಲು ಎರಡು ನಿಮಿಷ ತಡೆದರೆ ಆರು ತಿಂಗಳ ಕೂಸಿನಲ್ಲೂ ಕಬ್ಬಿಣದ ಸಂಗ್ರಹ ಹೆಚ್ಚೇ ಇರುತ್ತದೆ. ಖರ್ಚಿಲ್ಲದ ಇಂಥ ಉಪಾಯ ಇನ್ನೊಂದಿಲ್ಲ.

ಆರು ತಿಂಗಳಾದ ಮೇಲೆ ಮಾತ್ರ ಕಬ್ಬಿಣ ಊಟದಿಂದಲೇ ಬರಬೇಕು. ನಮ್ಮಲ್ಲಿ ಮೊದಲ ತುತ್ತೆಂದರೆ ರಾಗಿ ಸರಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುವ ಈ ಪದ್ಧತಿಯಲ್ಲಿ ವಿವೇಕವಿದೆ. ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಮೊಳಕೆಯಲ್ಲಿ ಕುಗ್ಗುತ್ತದೆ, ಹಾಗೆಯೇ ಕಟ್ಟಿಹಾಕುವ ಟ್ಯಾನಿನ್ ಇರುವ ಹೊಟ್ಟು ಬಟ್ಟೆಯಲ್ಲೇ ಉಳಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ನೂರು ಗ್ರಾಂ ರಾಗಿಯಲ್ಲಿ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು, ಕೂಸು ದಿನಕ್ಕೆ ತಿನ್ನುವ ಹಿಟ್ಟು ಮೂವತ್ತು ಗ್ರಾಂ ಎಂದಿಟ್ಟುಕೊಳ್ಳೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ದಿನದ 3 ಮಿಲಿಗ್ರಾಂನಲ್ಲಿ ಅದು ಅರ್ಧವನ್ನೂ ಮುಟ್ಟದು. ಸರಿಯನ್ನು ಬಿಡಬೇಕಿಲ್ಲ, ಅದರ ಜೊತೆಗೆ ನುಣ್ಣಗೆ ಅರೆದ ಲಿವರ್, ಮಾಂಸ, ಮುಳ್ಳು ತೆಗೆದ ಮೀನು, ಮೊಟ್ಟೆ ಬರಬೇಕು. ಮಾಂಸ, ಮೀನು ಅಥವಾ ಮೊಟ್ಟೆ ದಿನವೂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ಸಸ್ಯಾಹಾರಿ ಮನೆಗಳಲ್ಲಿ ಬೇಳೆ, ಸೊಪ್ಪಿನ ಜೊತೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಅಲ್ಲಿ ಕಬ್ಬಿಣದ ಸಿರಪ್ಪಿನ ಅಗತ್ಯವೂ ಹೆಚ್ಚು.

ಕರ್ನಾಟಕದ ಹಳ್ಳಿಗಳಲ್ಲಿ ಸಂಶೋಧಕ ಸಂತ್ ರೇನ್ ಪಸ್ರಿಚಾ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಮುಕ್ಕಾಲು ಪಾಲು ರಕ್ತಹೀನರು. ಮಗುವಿನ ಹಿಮೋಗ್ಲೋಬಿನ್ನಿಗೆ ತಾಯಿಯ ಹಿಮೋಗ್ಲೋಬಿನ್ನಿನ ಜೊತೆ ನಂಟೂ ಕಂಡಿತು. 2018ರ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಲ್ಲಿ ಆರು ತಿಂಗಳಿನಿಂದ ಐದು ವರ್ಷದ ತನಕ ವಾರಕ್ಕೆರಡು ಸಲ ಕಬ್ಬಿಣದ ಸಿರಪ್ ನಿಗದಿಯಾಯಿತು. ಆದರೆ ಪಸ್ರಿಚಾ ತಂಡವೇ ಬಾಂಗ್ಲಾದೇಶದಲ್ಲಿ ಎಂಟು ತಿಂಗಳ ಕೂಸುಗಳಿಗೆ ಮೂರು ತಿಂಗಳು ಕಬ್ಬಿಣ ಕೊಟ್ಟು ನೋಡಿದಾಗ ರಕ್ತವೇನೋ ಸುಧಾರಿಸಿತು, ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಬಂದ ಈ ಫಲಿತಾಂಶ ಸಿರಪ್ಪನ್ನು ನಿಲ್ಲಿಸಿ ಎನ್ನುವುದಿಲ್ಲ. ರಕ್ತಹೀನ ಕೂಸಿಗೆ ಅದು ಬೇಕೇ ಬೇಕು. ನನ್ನ ದೃಷ್ಟಿಯಲ್ಲಿ ಮುಂದಿನ ಕೆಲಸ ಇನ್ನೂ ಮೊದಲೇ ಶುರುವಾಗಬೇಕು, ಬಸುರಿಯ ಊಟದ ತಟ್ಟೆಯಲ್ಲಿ.