ಹೆಸರು ಉಳಿಸಿದ ಚಿತ್ರಗಳು

ಕಲಾವಿದರು ಬಿಟ್ಟುಹೋಗುವುದು ತಾವು ಬರೆದ ಚಿತ್ರಗಳನ್ನು ಮಾತ್ರವೆಂದು ನಾವು ಭಾವಿಸುತ್ತೇವೆ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರ ಬದುಕನ್ನು ನೋಡಿದರೆ ಈ ಭಾವನೆ ಬದಲಾಗುತ್ತದೆ.

1898ರಲ್ಲಿ ವಿಯೆನ್ನಾದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಫ್ರೀಡ್ಲ್, ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತವರು. 1942ರ ಡಿಸೆಂಬರ್‌ನಲ್ಲಿ ನಾಜಿಗಳು ಅವರನ್ನೂ ಪತಿಯನ್ನೂ ಟೆರೆಜೀನ್‌ಗೆ ಸಾಗಿಸಿದರು. ಪ್ರಾಗ್ ನಗರದ ಉತ್ತರಕ್ಕಿರುವ ಈ ಕೋಟೆಪಟ್ಟಣದಲ್ಲಿ ಯಹೂದಿಗಳನ್ನು ಕೂಡಿಹಾಕಲಾಗಿತ್ತು. ಜೊತೆಗೆ ಒಯ್ಯಲು ಬಿಟ್ಟಿದ್ದ ಅಲ್ಪ ಸಾಮಾನಿನಲ್ಲೇ ಫ್ರೀಡ್ಲ್ ಚಿತ್ರಕಲೆಯ ಸಾಮಗ್ರಿಗೆ ಜಾಗ ಮಾಡಿಕೊಂಡಿದ್ದರು.

ಅಲ್ಲಿನ ಮಕ್ಕಳಿಗೆ ಅವರು ಚಿತ್ರ ಬರೆಯಲು ಕಲಿಸಿದರು. ಕಾಗದ ಸಿಗದಾಗ ಕಚೇರಿಯ ಹಳೆಯ ಹಾಳೆಗಳೇ ಗತಿ. ಮಕ್ಕಳು ಹೂವು, ಚಿಟ್ಟೆ, ಬಿಟ್ಟುಬಂದ ಮನೆಗಳನ್ನು ಬರೆದರು. ಅಟ್ಟಣಿಗೆ ಮಂಚಗಳನ್ನೂ ಬರೆದರು. ಚಿತ್ರದ ಮೇಲೆ ತಮ್ಮ ಹೆಸರು ಹಾಕುವಂತೆ ಫ್ರೀಡ್ಲ್ ಹೇಳುತ್ತಿದ್ದರು. ಮನುಷ್ಯರು ಬರೀ ಸಂಖ್ಯೆಗಳಾಗಿದ್ದ ಜಾಗದಲ್ಲಿ ಇದು ಸಣ್ಣ ಮಾತಲ್ಲ.

1944ರಲ್ಲಿ ಪತಿಯನ್ನು ಆಷ್‌ವಿಟ್ಸ್‌ಗೆ ಸಾಗಿಸಿದಾಗ, ತಾವೂ ಹೋಗುವುದಾಗಿ ಫ್ರೀಡ್ಲ್ ಮುಂದೆ ಬಂದರು. ಅಕ್ಟೋಬರ್ 9ರಂದು ಅಲ್ಲಿ ಅವರ ಕೊಲೆಯಾಯಿತು, ಪತಿ ಬದುಕುಳಿದರು. ಟೆರೆಜೀನ್‌ನಲ್ಲಿ ಎರಡು ಸೂಟ್‌ಕೇಸ್‌ಗಳಲ್ಲಿ ಉಳಿದಿದ್ದ ಸುಮಾರು 4,500 ಮಕ್ಕಳ ಚಿತ್ರಗಳನ್ನು 1945ರಲ್ಲಿ ವಿಲ್ಲಿ ಗ್ರೋಗ್ ಪ್ರಾಗ್‌ಗೆ ತಂದೊಪ್ಪಿಸಿದರು. ಇಂದು ಅವು ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ.

ಆ ಮಕ್ಕಳಲ್ಲಿ ಹೆಚ್ಚಿನವರು ಮರಳಲಿಲ್ಲ. ಯಾರು ಏನಾದರೆಂದು ಪತ್ತೆಹಚ್ಚಲು ನೆರವಾದದ್ದು ಆ ಹೆಸರುಗಳೇ. ಈ ಚಿತ್ರಗಳಲ್ಲೊಂದು ನಿಮ್ಮ ಕಣ್ಣಿಗೆ ಬಿದ್ದರೆ, ಇನ್ನೊಬ್ಬರಿಗೆ ತೋರಿಸಿ. ತೋರಿಸುವಾಗ ಬರೆದ ಮಗುವಿನ ಹೆಸರನ್ನೂ ಹೇಳಿ. ಗುರು ಬಯಸಿದ್ದೂ ಅದನ್ನೇ.