‘ಓದಿದ್ದೀಯ’ ಅಂತ ಹೇಳಿದ್ಯಾರು?

ಇವತ್ತಿನ ಸಂಚಿಕೆ ಶುರು ಆಗೋದು ನನ್ನದೇ ಒಂದು ತಪ್ಪಿನಿಂದ.

ಹೋದ ಮಳೆಗಾಲದಲ್ಲಿ ನಮ್ಮ ಬಿ.ಕಾಂ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 312 ಮೆಸೇಜು ಓದದೆ ಬಿದ್ದಿದ್ದವು. ಯಾರದೋ ಎಂಗೇಜ್‌ಮೆಂಟ್ ಫೋಟೊ, ಕ್ರಿಕೆಟ್ ಜಗಳ, ಗುಡ್ ಮಾರ್ನಿಂಗ್ ಗುಲಾಬಿ. ಬಸ್ಸಿನಲ್ಲಿ ನಿಂತುಕೊಂಡೇ ಗ್ರೂಪ್ ತೆರೆದೆ, ಹೆಬ್ಬೆರಳಲ್ಲಿ ಸರ್ರನೆ ಕೆಳಕ್ಕೆ ಓಡಿಸಿದೆ, ಆಚೆ ಬಂದೆ. ನಂಬರ್ ಮಾಯ. ಮನಸ್ಸಿಗೂ ಏನೋ ನೆಮ್ಮದಿ.

ಆ 312ರ ನಡುವೆ ಒಬ್ಬ ಗೆಳೆಯ, ‘ಅಪ್ಪಂಗೆ ಆಪರೇಶನ್, ಬಿ ನೆಗೆಟಿವ್ ರಕ್ತ ಬೇಕು’ ಅಂತ ಬರೆದಿದ್ದ. ನನ್ನದು ಬಿ ನೆಗೆಟಿವ್. ಅವನಿಗೆ ಅದು ಚೆನ್ನಾಗಿ ಗೊತ್ತು, ಕಾಲೇಜಿನ ರಕ್ತದಾನ ಶಿಬಿರದಲ್ಲಿ ಪಕ್ಕಪಕ್ಕದ ಮಂಚದಲ್ಲಿ ಮಲಗಿದ್ದವರು ನಾವು. ರಕ್ತ ಬೇರೆ ಕಡೆಯಿಂದ ಸಿಕ್ಕಿತು, ಅವರ ಅಪ್ಪ ಈಗ ಆರಾಮಾಗಿದ್ದಾರೆ. ಆದರೆ ನಾಲ್ಕು ದಿನ ಆದ ಮೇಲೆ ಅವನು ನನಗೊಂದು ಸ್ಕ್ರೀನ್‌ಶಾಟ್ ಕಳಿಸಿದ. ಮೆಸೇಜನ್ನು ಒತ್ತಿ ಹಿಡಿದರೆ ಯಾರ್ಯಾರು ಓದಿದ್ದಾರೆ ಅಂತ ಬರುತ್ತಲ್ಲ, ಆ ಪಟ್ಟಿ. ಅದರಲ್ಲಿ ನನ್ನ ಹೆಸರು. ಬೆಳಿಗ್ಗೆ 9.14.

ನಾನು ಓದಿರಲಿಲ್ಲ. ಆದರೆ ಓದಿದ್ದೇನೆ ಅಂತ ದಾಖಲೆ ಇದೆ. ‘ಓದಿದ್ದು, ಓದದ್ದು’ ಅನ್ನೋ ಈ ಲೆಕ್ಕವನ್ನು ಮೊದಲು ಇಟ್ಟವರು ಯಾರು, ಅದು ನನ್ನ ಕೈಯಿಂದ ಯಾವಾಗ ಜಾರಿತು ಅಂತ ಹುಡುಕ್ತಾ ಹೊರಟೆ. ಹುಡುಕಾಟ 1979ಕ್ಕೆ ಹೋಗಿ ನಿಂತಿತು.

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ. ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅನ್ನೋ ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಯೋಚನೆ ಬಂತು: ಬೇರೆ ಬೇರೆ ಊರಿನ ಯುನಿಕ್ಸ್ ಕಂಪ್ಯೂಟರ್‌ಗಳು ಫೋನ್ ಲೈನಿನಲ್ಲಿ ಒಂದಕ್ಕೊಂದು ಕರೆ ಮಾಡಿ, ಜನ ಬರೆದ ಸಂದೇಶಗಳನ್ನು ಬದಲಾಯಿಸಿಕೊಂಡರೆ ಹೇಗೆ? ಪಕ್ಕದ ಚಾಪೆಲ್ ಹಿಲ್‌ನ ವಿದ್ಯಾರ್ಥಿ ಸ್ಟೀವ್ ಬೆಲ್ಲೊವಿನ್ ಇದಕ್ಕೆ ಮೊದಲ ಪ್ರೋಗ್ರಾಂ ಬರೆದ. ಅದೇ ಯೂಸ್‌ನೆಟ್. ಇವತ್ತಿನ ರೆಡಿಟ್ ಥರದ್ದೆಲ್ಲದಕ್ಕೂ ಮುತ್ತಜ್ಜ ಅನ್ನಬಹುದು. ವಿಷಯಕ್ಕೊಂದು ಗುಂಪು, ಅದಕ್ಕೆ ನ್ಯೂಸ್‌ಗ್ರೂಪ್ ಅಂತ ಹೆಸರು.

ಈಗ ಪ್ರಶ್ನೆ. ನಿನ್ನೆ ಓದಿದವನು ಇವತ್ತು ಮತ್ತೆ ಬಂದರೆ ಹೊಸದು ಯಾವುದು ಅಂತ ಹೇಗೆ ತೋರಿಸೋದು? ಮೊದಲ ಪ್ರೋಗ್ರಾಂನಲ್ಲಿ ಉತ್ತರ ತುಂಬಾ ಸರಳ. ನಿಮ್ಮ ಫೋಲ್ಡರ್‌ನಲ್ಲಿ ಒಂದು ಫೈಲ್. ಅದರೊಳಗೆ ಏನಿದೆ ಅನ್ನೋದು ಮುಖ್ಯ ಅಲ್ಲ, ಅದು ಕೊನೆಯದಾಗಿ ಬದಲಾದ ಸಮಯ ಮುಖ್ಯ. ಆ ಸಮಯದ ನಂತರ ಬಂದದ್ದೆಲ್ಲ ಹೊಸದು, ಮುಂಚೆ ಬಂದದ್ದೆಲ್ಲ ಹಳೇದು. ಒಂದು ಗಡಿಯಾರ, ಅಷ್ಟೇ. ಬಂದ ಕ್ರಮದಲ್ಲೇ ಓದಬೇಕು. ‘ಇದನ್ನ ಆಮೇಲೆ ಓದ್ತೀನಿ’ ಅಂತ ಒಂದನ್ನು ಎತ್ತಿಡೋಕೆ ದಾರಿ ಇಲ್ಲ. ಅವರನ್ನ ಬೈಯೋ ಹಾಗೂ ಇಲ್ಲ ಬಿಡಿ, ದಿನಕ್ಕೆ ಒಂದೋ ಎರಡೋ ಸಂದೇಶ ಬಂದರೆ ಹೆಚ್ಚು ಅನ್ನೋದು ಅವರ ಅಂದಾಜಾಗಿತ್ತು!

ಅಂದಾಜು ಬೇಗ ತಲೆಕೆಳಗಾಯಿತು. 1981ರ ಹೊತ್ತಿಗೆ ಬರ್ಕ್ಲಿಯಲ್ಲಿ ಮಾರ್ಕ್ ಹಾರ್ಟನ್ ಅನ್ನೋ ವಿದ್ಯಾರ್ಥಿ, ಇನ್ನೂ ಹೈಸ್ಕೂಲಿನಲ್ಲಿದ್ದ ಮ್ಯಾಟ್ ಗ್ಲಿಕ್‌ಮನ್ ಜೊತೆ ಸೇರಿ ಹೊಸ ಪ್ರೋಗ್ರಾಂ ಬರೆಯೋಕೆ ಕೂತ. ಬಿ ನ್ಯೂಸ್ ಅಂತ ಹೆಸರು. ಇದರಲ್ಲಿ ಓದುಗನಿಗೆ ಒಂದು ಪುಟ್ಟ ಫೈಲ್ ಸಿಕ್ಕಿತು. ಹೆಸರು ‘ಡಾಟ್ ನ್ಯೂಸ್‌ಆರ್‌ಸಿ’. ನನ್ನ ಪ್ರಕಾರ ಇಡೀ ಕಥೆಯ ಹೀರೋ ಇವನೇ. ಅದರಲ್ಲಿನ ಒಂದು ಸಾಲು ಸುಮಾರಾಗಿ ಹೀಗಿರುತ್ತಿತ್ತು. ಮೊದಲು ಗುಂಪಿನ ಹೆಸರು, ಉದಾಹರಣೆಗೆ ‘ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್’, ಭಾರತದ ಬಗ್ಗೆ ಹರಟೋಕೆ ಅಂತ ಆಮೇಲೆ ಹುಟ್ಟಿದ ಗುಂಪು ಅದು. ಹೆಸರಾದ ಮೇಲೆ ಎರಡು ಚುಕ್ಕಿ. ಆಮೇಲೆ ಅಂಕಿಗಳು: 1-840, 843, 846-851.

ಅಷ್ಟೇ. ಒಂದು ಗುಂಪಿಗೆ ಬಂದ ಪ್ರತಿ ಸಂದೇಶಕ್ಕೂ ಕಂಪ್ಯೂಟರ್ ಒಂದು ಕ್ರಮಸಂಖ್ಯೆ ಕೊಡುತ್ತಿತ್ತು. 1ರಿಂದ 840ರವರೆಗೆ ಓದಿ ಆಯ್ತು, 843 ಓದಿ ಆಯ್ತು, 846ರಿಂದ 851 ಓದಿ ಆಯ್ತು. 841, 842, 844, 845 ಬಾಕಿ. ಎಂಟುನೂರು ಚಿಲ್ಲರೆ ಸಂದೇಶಗಳ ಲೆಕ್ಕ ಅರ್ಧ ಸಾಲಿನಲ್ಲಿ ಮುಗೀತು.

ಕಾಮರ್ಸ್ ಓದಿದವರಿಗೆ ಇದನ್ನ ನೋಡಿದ ಕೂಡಲೇ ಒಂದು ನೆನಪಾಗುತ್ತೆ. ನಾನು ಡಿಗ್ರಿ ಮುಗಿಸಿ ಎರಡು ವರ್ಷ ಒಬ್ಬರು ಆಡಿಟರ್ ಹತ್ತಿರ ಕೆಲಸ ಮಾಡಿದೆ. ವೌಚಿಂಗ್ ಅಂದ್ರೆ ಬಿಲ್ಲುಗಳ ಕಟ್ಟು ಒಂದು ಕಡೆ, ಕ್ಯಾಶ್ ಬುಕ್ ಇನ್ನೊಂದು ಕಡೆ, ಕೈಯಲ್ಲಿ ಬಣ್ಣದ ಪೆನ್ನು. ತಾಳೆಯಾದ ಪ್ರತಿ ಸಾಲಿಗೂ ಒಂದು ಟಿಕ್. ಸಂಜೆಗೆ ಸರ್ ಟಿಕ್ ಇಲ್ಲದ ಸಾಲುಗಳನ್ನ ಮಾತ್ರ ನೋಡ್ತಿದ್ದರು. ಟಿಕ್ ಬಿದ್ದಿದ್ದರೆ ಹುಡುಗ ನೋಡಿದಾನೆ ಅಂತ ನಂಬಿಕೆ. ಮಾರ್ಚ್ ತಿಂಗಳ ಕೊನೇಲಿ, ರಾತ್ರಿ ಹತ್ತು ಗಂಟೆಗೆ, ಬಿಲ್ಲಿನ ಮುಖ ನೋಡದೆ ಸಾಲಾಗಿ ಟಿಕ್ ಎಳೆದದ್ದೂ ಇದೆ. ಯಾರಿಗೂ ಹೇಳಬೇಡಿ.

ಡಾಟ್ ನ್ಯೂಸ್‌ಆರ್‌ಸಿಯಲ್ಲಿ ನನಗೆ ಇಷ್ಟವಾದದ್ದು ಅದರ ಚಿಕ್ಕತನ ಒಂದೇ ಅಲ್ಲ, ಅದು ಇದ್ದ ಜಾಗ. ಆ ಫೈಲ್ ಇರುತ್ತಿದ್ದದ್ದು ಓದುಗನ ಸ್ವಂತ ಫೋಲ್ಡರ್‌ನಲ್ಲಿ. ಅದು ಬರೀ ಅಕ್ಷರ, ಅಂಕಿ. ಯಾವುದೇ ಎಡಿಟರ್‌ನಲ್ಲಿ ತೆರೆದು ನೀವೇ ತಿದ್ದಬಹುದು. 843 ಮತ್ತೆ ಓದಬೇಕಾ? ಅಳಿಸಿ. ಗುಂಪು ಬೇಜಾರಾಯ್ತಾ? ಹೆಸರಿನ ಮುಂದಿನ ಎರಡು ಚುಕ್ಕಿ ತೆಗೆದು ಆಶ್ಚರ್ಯಸೂಚಕ ಹಾಕಿದರೆ ನೀವು ಆ ಗುಂಪಿನಿಂದ ಹೊರಗೆ. ಸಂದೇಶ ಬರೆದವನಿಗೆ ನೀವು ಓದಿದ್ರಾ ಇಲ್ವಾ ಅಂತ ತಿಳಿಯೋ ದಾರಿಯೇ ಇರಲಿಲ್ಲ. ಅದು ಪುಸ್ತಕದೊಳಗೆ ಇಡೋ ನವಿಲುಗರಿ ಥರ, ನಿಮ್ಮ ಗುರುತಿಗೆ ನೀವೇ ಇಟ್ಟುಕೊಂಡದ್ದು.

ಒಂದು ತೊಂದರೆ ಮಾತ್ರ ಇತ್ತು. ಕ್ರಮಸಂಖ್ಯೆ ಕೊಡುತ್ತಿದ್ದದ್ದು ಆಯಾ ಕಂಪ್ಯೂಟರ್. ಇಲ್ಲಿ 843 ಆಗಿದ್ದ ಸಂದೇಶ ಇನ್ನೊಂದು ವಿಶ್ವವಿದ್ಯಾಲಯದಲ್ಲಿ 1,207 ಆಗಿರಬಹುದು. ಊರು ಬದಲಾಯಿಸಿದರೆ ನಿಮ್ಮ ಓದಿನ ಲೆಕ್ಕ ಅಲ್ಲಿಗೆ ಹೊಂದುತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

1984ರಲ್ಲಿ ಲ್ಯಾರಿ ವಾಲ್ ಅನ್ನೋವರು ‘ಆರ್‌ಎನ್’ ಅಂತ ಒಂದು ಓದುವ ಪ್ರೋಗ್ರಾಂ ಬಿಟ್ಟರು. ಮೂರು ವರ್ಷ ಆದ ಮೇಲೆ ಪರ್ಲ್ ಭಾಷೆ ಮಾಡಿದವರೂ ಇವರೇ. ಆರ್‌ಎನ್ ತೆರೆದರೆ ಯಾವ ಗುಂಪಿನಲ್ಲಿ ಎಷ್ಟು ಓದದ ಸಂದೇಶ ಇದೆ ಅಂತ ಸಂಖ್ಯೆ ಬರುತ್ತಿತ್ತು. ನಿಮ್ಮ ಫೋನಿನ ಆ್ಯಪ್‌ಗಳ ಮೂಲೆಯಲ್ಲಿರೋ ಕೆಂಪು ಬೊಟ್ಟಿನ ಪೂರ್ವಜ ಅಂದುಕೊಳ್ಳಿ. ಸ್ಪೇಸ್ ಕೀ ಒತ್ತುತ್ತಾ ಹೋದರೆ ಓದದ್ದು ಒಂದೊಂದಾಗಿ ಬರುತ್ತೆ. ‘ಎಂ’ ಒತ್ತಿದರೆ ಈಗ ಓದಿದ್ದು ಮತ್ತೆ ‘ಓದಿಲ್ಲ’ ಆಗುತ್ತೆ. ಇನ್ನೊಂದು ಕೀ ಇತ್ತು, ‘ಸಿ’. ಕ್ಯಾಚ್ ಅಪ್. ಗುಂಪಿನಲ್ಲಿ ಬಾಕಿ ಇರೋದನ್ನೆಲ್ಲ ಓದಿ ಆಯ್ತು ಅಂತ ಗುರುತು ಹಾಕಿಬಿಡೋದು. ರಜೆ ಮುಗಿಸಿ ಬಂದು ಸಾವಿರ ಸಂದೇಶ ನೋಡಿದವನಿಗೆ ಅದು ದೇವರು ಕೊಟ್ಟ ವರ. ನಾನು ಬಸ್ಸಿನಲ್ಲಿ ಮಾಡಿದ್ದೂ ಅದೇ ಅಲ್ವಾ? ಸುಳ್ಳು ಟಿಕ್. ವ್ಯತ್ಯಾಸ ಅಂದ್ರೆ ಆರ್‌ಎನ್‌ನಲ್ಲಿ ಆ ಸುಳ್ಳು ಅವನ ಫೈಲಿನಲ್ಲೇ ಇರುತ್ತಿತ್ತು.

ಲೆಕ್ಕ ನಮ್ಮ ಕೈ ತಪ್ಪಿದ್ದು ಒಂದೇ ದಿನದಲ್ಲಿ ಅಲ್ಲ, ಯಾವುದೋ ಪಿತೂರಿಯಿಂದಲೂ ಅಲ್ಲ. ಅನುಕೂಲಕ್ಕೆ. 1986ರಲ್ಲಿ ಎರಡು ಕೆಲಸ ನಡೆದವು. ಯೂಸ್‌ನೆಟ್ ಸಂದೇಶಗಳನ್ನ ದೂರದ ಸರ್ವರ್‌ನಿಂದ ಓದೋಕೆ ಎನ್‌ಎನ್‌ಟಿಪಿ ಅನ್ನೋ ನಿಯಮಾವಳಿ ಬಂತು. ಅದರಲ್ಲಿ ನೀವು ಏನು ಓದಿದ್ರಿ ಅಂತ ಸರ್ವರ್ ನೆನಪಿಡೋದಿಲ್ಲ, ಅದು ನಿಮ್ಮ ಕಂಪ್ಯೂಟರಿನ ಪಾಡು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಇಮೇಲ್‌ಗೆ ಐಮ್ಯಾಪ್ ರೂಪಿಸಿದರು. ಅದರಲ್ಲಿ ಪ್ರತಿ ಪತ್ರದ ಮೇಲೂ ‘ನೋಡಿದೆ’ ಅನ್ನೋ ಗುರುತು ಇರುತ್ತೆ, ಆ ಗುರುತು ಇರೋದು ಸರ್ವರ್‌ನಲ್ಲಿ. ಆಫೀಸಿನಲ್ಲಿ ಓದಿದ ಪತ್ರ ಮನೆಯಲ್ಲಿ ಮತ್ತೆ ಹೊಸದಾಗಿ ಕಾಣಬಾರದು ಅಂದ್ರೆ ಹಾಗೇ ಮಾಡಬೇಕು. ಊರು ಬಿಟ್ಟರೆ ಲೆಕ್ಕ ಕೆಡೋ ಕಾಯಿಲೆಗೆ ಇದು ಮದ್ದು. ಇವತ್ತು ಫೋನಲ್ಲಿ ಓದಿದ ಮೇಲ್ ಲ್ಯಾಪ್‌ಟಾಪಲ್ಲೂ ಓದಿದ ಹಾಗೆ ಕಾಣೋದು ಈ ಉಪಾಯದಿಂದಲೇ.

ವೆಬ್‌ನ ಚರ್ಚಾತಾಣಗಳು ಈ ಎರಡರ ನಡುವೆ ಕೆಲವು ವರ್ಷ ತೂಗಾಡಿದವು. 2000ದಲ್ಲಿ ಶುರುವಾದ ಪಿಎಚ್‌ಪಿಬಿಬಿ ಅನ್ನೋ ಉಚಿತ ಸಾಫ್ಟ್‌ವೇರ್ ಮೇಲೆ ಆಗ ಲೆಕ್ಕವಿಲ್ಲದಷ್ಟು ತಾಣಗಳು ನಡೀತಿದ್ದವು. ಅದರ ಎರಡನೇ ಆವೃತ್ತಿ, ನೀವು ಓದಿದ ಚರ್ಚೆಗಳ ಪಟ್ಟಿಯನ್ನ ಬ್ರೌಸರಿನ ಕುಕಿಯಲ್ಲಿ ಇಡ್ತಿತ್ತು. ಒಂದು ಕುಕಿಗೆ ಜಾಗ ಸುಮಾರು 4 ಕೆ.ಬಿ. ಮಾತ್ರ. ಮನೆಯಲ್ಲಿ ಓದಿದ್ದು ಸೈಬರ್ ಕೆಫೆಗೆ ಹೋದರೆ ಅದಕ್ಕೆ ಗೊತ್ತಿಲ್ಲ. ಕುಕಿ ಅಳಿಸಿದರೆ ಎಲ್ಲ ಮರೆತು ಹೋಗುತ್ತೆ. 2007ರ ಕೊನೆಗೆ ಬಂದ ಮೂರನೇ ಆವೃತ್ತಿ ಲೆಕ್ಕವನ್ನ ತಾಣದ ಡೇಟಾಬೇಸ್‌ನಲ್ಲೇ ಇಡೋ ವ್ಯವಸ್ಥೆ ಮಾಡಿತು.

2013ರಲ್ಲಿ ಬಂದ ಡಿಸ್ಕೋರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಪ್ರತಿ ಬರಹ ನಿಮ್ಮ ಪರದೆ ಮೇಲೆ ಎಷ್ಟು ಹೊತ್ತು ಇತ್ತು ಅಂತ ಅಳೀತಾರೆ. ಹೊಸ ಬರಹದ ಪಕ್ಕ ನೀಲಿ ಚುಕ್ಕಿ, ನೀವು ನೋಡ್ತಾ ಇದ್ದ ಹಾಗೆ ಅದು ಮೆಲ್ಲಗೆ ಮಾಸಿ ಹೋಗುತ್ತೆ. ಚೆಂದವಾಗಿದೆ, ಒಪ್ತೀನಿ. ಸರ್ರನೆ ಎಳೆದವನನ್ನೂ ನಿಂತು ನೋಡಿದವನನ್ನೂ ಅದು ಬೇರೆ ಮಾಡಬಲ್ಲದು. ಆದರೂ ಅಳೆಯೋದು ಪರದೆಯನ್ನ. ಫೋನ್ ಹಿಡಿದುಕೊಂಡು ಕಿಟಕಿ ಆಚೆ ನೋಡ್ತಿದ್ದರೆ?

ಮತ್ತೆ 2014ರ ನವೆಂಬರ್. ವಾಟ್ಸ್‌ಆ್ಯಪ್‌ಗೆ ನೀಲಿ ಟಿಕ್ ಬಂತು. ನಾನು ಇಲ್ಲಿವರೆಗೆ ಹೇಳಿದ ಕಡೆಗಳಲ್ಲೆಲ್ಲ ‘ಓದಿದ್ದು’ ಅನ್ನೋ ಗುರುತು ಮುಖ್ಯವಾಗಿ ಓದುಗನ ಸಹಾಯಕ್ಕೆ ಇದ್ದದ್ದು. ಈಗ ಅದು ಬರೆದವನಿಗೆ ಕೊಡೋ ರಸೀದಿ ಆಯಿತು. ಜನ ಗಲಾಟೆ ಮಾಡಿದರು, ನೀಲಿ ಟಿಕ್ ಆಫ್ ಮಾಡೋ ಆಯ್ಕೆ ಬೇಗನೇ ಬಂತು. ಆದರೆ ಆಯ್ಕೆ ಒಬ್ಬರಿಗೊಬ್ಬರು ಮಾತಾಡುವಾಗ ಮಾತ್ರ, ಗ್ರೂಪಿನಲ್ಲಿ ಇಲ್ಲ. ಒಂದು ಚಾಟನ್ನ ‘ಅನ್‌ರೀಡ್’ ಅಂತ ಮತ್ತೆ ಗುರುತು ಹಾಕಬಹುದು, ಆದರೆ ಆ ಬೊಟ್ಟು ಕಾಣೋದು ನಿಮಗೆ ಮಾತ್ರ. ಆ ಕಡೆ ಹೋದ ರಸೀದಿ ವಾಪಸ್ ಬರಲ್ಲ. ಆರ್‌ಎನ್‌ನ ‘ಎಂ’ ಕೀ ಇನ್ನೂ ಇದೆ, ಆದರೆ ಅರ್ಧ.

ಇದನ್ನೆಲ್ಲ ಓದಿ ಮುಗಿಸಿ ನಾನು ಆ ಗೆಳೆಯನಿಗೆ ಫೋನ್ ಮಾಡಿದೆ. ಅದಕ್ಕೆ ಮುಂಚೆಯೇ ಸಾರಿ ಕೇಳಿದ್ದೆ, ಅವನು ‘ಇರ್ಲಿ ಬಿಡೋ’ ಅಂದಿದ್ದ. ಆದರೆ ಓದಿರಲಿಲ್ಲ ಅನ್ನೋ ಮಾತನ್ನ ಅವನು ನಂಬಿದ್ನಾ ಅಂತ ಗೊತ್ತಿರಲಿಲ್ಲ. ಈ ಸಲ ಬಸ್ಸು, ಹೆಬ್ಬೆರಳು, 312, ಎಲ್ಲ ಬಿಡಿಸಿ ಹೇಳಿದೆ. ಆಡಿಟರ್ ಆಫೀಸಿನ ಟಿಕ್ ಕಥೆಯನ್ನೂ ಹೇಳಿದೆ. ಅವನೂ ಕಾಮರ್ಸೇ, ನಕ್ಕ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: ‘ಆವತ್ತು ನಿಂಗೆ ಫೋನ್ ಮಾಡೋಣ ಅಂತಾನೇ ನಂಬರ್ ತೆಗ್ದಿದ್ದೆ ಕಣೋ. ಅಷ್ಟರಲ್ಲಿ ಲಿಸ್ಟ್‌ನಲ್ಲಿ ನಿನ್ ಹೆಸ್ರು ನೋಡಿದೆ. ಓದಿದಾನಲ್ಲ, ಬರೋದಾದ್ರೆ ಬರ್ತಾನೆ ಅಂತ ಸುಮ್ನಾದೆ.’

ನಾನು ಆ ಗ್ರೂಪಿನ ಮೇಲೆ ಈಗ ಹೆಬ್ಬೆರಳು ಓಡಿಸಲ್ಲ. ಇದನ್ನ ರೆಕಾರ್ಡ್ ಮಾಡೋ ಹೊತ್ತಿಗೆ ಅದರಲ್ಲಿ 97 ಬಾಕಿ ಇವೆ. ಮೈಕ್ ಆಫ್ ಮಾಡಿ, ಕೂತು ಓದ್ತೀನಿ. ಸಿಗೋಣ.