ಮುಪ್ಪಿನ ಮಾತ್ರೆಯ ಲೆಕ್ಕ

ಮುಪ್ಪು ಒಂಟಿಯಾಗಿ ಬರುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನೂ ಜೊತೆಗೆ ಕರೆತರುತ್ತದೆ. ಇವು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದರೆ ವಾಸಿಯಾಗುವ ರೋಗಗಳಲ್ಲ, ಬದುಕಿರುವ ತನಕ ದಿನವೂ ಮಾತ್ರೆ ನುಂಗಬೇಕು. ದುಡಿಮೆ ನಿಂತ ಮೇಲೆ ಆ ಮಾತ್ರೆಯ ಹಣವನ್ನು ಯಾರು ಕೊಡಬೇಕು? ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದರೆ ಆ ಇತಿಹಾಸದ ಗುರುತುಗಳು ನಮಗೆ ಕಾಣಸಿಗುತ್ತವೆ. ಟಿಳಕವಾಡಿಯಲ್ಲಿ ಇಂದಿಗೂ 'ವ್ಯಾಕ್ಸಿನ್ ಡಿಪೋ' ಎಂದು ಕರೆಯುವ ಜಾಗವಿದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಒಬ್ಬನ ಸಿಡುಬು ಊರಿಗೆಲ್ಲ ಹರಡುತ್ತದೆ, ಹಾಗಾಗಿ ಸರಕಾರವೇ ಮದ್ದು ಮಾಡಿ ಹಂಚಿತು. ಮುದುಕನ ರಕ್ತದೊತ್ತಡ ಪಕ್ಕದ ಮನೆಗೆ ಅಂಟುವುದಿಲ್ಲ. ಅದು ಸರಕಾರದ ಲೆಕ್ಕಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಅದೇ ರಸ್ತೆಯಲ್ಲಿ ಮುಂದೆ ಉದ್ಯಮಬಾಗ. ಅದನ್ನು ದಾಟಿದರೆ ಪೀರನವಾಡಿ. ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪ್‌ಗಳಂಥ ಕಾರ್ಖಾನೆಗಳ ಕಾರ್ಮಿಕರಿಗಾಗಿ ಬಂದದ್ದು 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇ.ಎಸ್.ಐ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಯಲ್ಲಿ ಇದು ಜಾರಿಗೆ ಬಂತು. ಇದರಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸೌಲಭ್ಯವಿದೆ. ಕನಿಷ್ಠ ಐದು ವರ್ಷ ವಿಮಾದಾರನಾಗಿದ್ದು ವಯಸ್ಸಾಗಿ ನಿವೃತ್ತನಾದ ಕಾರ್ಮಿಕನು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವನಿಗೂ ಅವನ ಪತ್ನಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಔಷಧವೂ ಅದರಲ್ಲಿ ಸೇರಿದೆ.

ಆದರೆ ಅದೇ ಓಣಿಯ ಗೌಂಡಿ, ಹಮಾಲ, ಕೈಗಾಡಿಯ ವ್ಯಾಪಾರಿಯ ಗತಿಯೇನು? ಅವರೂ ಅಷ್ಟೇ ವರ್ಷ ಬೆವರು ಸುರಿಸಿದವರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಅವರ ಮುಪ್ಪು ಬೇರೆಯಾಯಿತು.

ಇದು ಬಡ ದೇಶದ ಕಥೆ ಮಾತ್ರ ಎಂದು ತಿಳಿಯಬೇಕಿಲ್ಲ. ಅಮೆರಿಕ 1965ರಲ್ಲಿ ವೃದ್ಧರಿಗಾಗಿ 'ಮೆಡಿಕೇರ್' ತಂದಾಗ ಆಸ್ಪತ್ರೆ ಮತ್ತು ವೈದ್ಯರ ಖರ್ಚು ಸೇರಿತು, ಮನೆಯಲ್ಲಿ ನುಂಗುವ ಮಾತ್ರೆ ಹೊರಗುಳಿಯಿತು. ಅದಕ್ಕೆ ಕಾನೂನಾದದ್ದು 2003ರಲ್ಲಿ, ಜಾರಿಯಾದದ್ದು 2006ರ ಜನವರಿ 1ರಂದು. ಆಗಲೂ ಖರ್ಚು ಒಂದು ಮಿತಿ ದಾಟಿದರೆ ನೆರವು ನಿಂತು, ಇನ್ನೊಂದು ಮಿತಿ ಮುಟ್ಟುವ ತನಕ ವೃದ್ಧರೇ ಪೂರ್ತಿ ಬೆಲೆ ತೆರಬೇಕಿತ್ತು. 2022ರ ಕಾನೂನಿನಂತೆ 2025ರಲ್ಲಿ ವೃದ್ಧರು ಕೈಯಿಂದ ಕೊಡುವ ಔಷಧದ ಹಣಕ್ಕೆ ವರ್ಷಕ್ಕೆ 2,000 ಡಾಲರಿನ ಮಿತಿ ಬಿತ್ತು.

ನಮ್ಮಲ್ಲೂ ಮೊದಲು ನೆನಪಾದದ್ದು ಆಸ್ಪತ್ರೆಯ ಹಾಸಿಗೆಯೇ. 2018ರ ಆಯುಷ್ಮಾನ್ ಭಾರತ್ ಯೋಜನೆಯನ್ನು ಕೇಂದ್ರ ಸರಕಾರವು 2024ರ ಅಕ್ಟೋಬರ್ 29ರಂದು, ಆದಾಯ ನೋಡದೆ, 70 ದಾಟಿದ ಎಲ್ಲರಿಗೂ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿ ದೊಡ್ಡ ಮೊತ್ತವೇ ಸರಿ. ಆದರೆ ಅದು ಸಿಗುವುದು ದಾಖಲಾದವರಿಗೆ. ಮನೆಗೆ ಮರಳಿದ ಮೇಲೆ ಔಷಧ ಹದಿನೈದು ದಿನಕ್ಕೆ ಮಾತ್ರ. ಹದಿನಾರನೆಯ ದಿನ? 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿ ಬೆಲೆ ಇಳಿಸಿತು, ಆದರೂ ಹಣ ರೋಗಿಯದೇ. ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಆದರೆ ದಾಸ್ತಾನು ಇರಬೇಕು, ಅಲ್ಲಿಯ ತನಕ ನಡೆಯುವ ಶಕ್ತಿಯೂ ಇರಬೇಕು. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯದ 'ಗೃಹ ಆರೋಗ್ಯ' ಯೋಜನೆ ಮನೆ ಬಾಗಿಲಿಗೇ ತಪಾಸಣೆ ಮತ್ತು ಮದ್ದು ಒಯ್ಯುವ ಮಾತಾಡಿತು. ದಾರಿ ಸರಿಯಾದದ್ದೇ.

ಹತ್ತು ರೂಪಾಯಿಯ ಮಾತ್ರೆ ತಪ್ಪಿದ್ದರಿಂದ ಪಾರ್ಶ್ವವಾಯು ಬಡಿದವನಿಗೆ ಲಕ್ಷದ ಚಿಕಿತ್ಸೆ ಕೊಡುವುದು ಜಾಣತನವಲ್ಲ, ಕರುಣೆಯೂ ಅಲ್ಲ. ಸರಕಾರ ಇದನ್ನು ಅರಿಯುವ ತನಕ ನಾವು ಸುಮ್ಮನಿರಬೇಕಿಲ್ಲ. ನಿವೃತ್ತ ಕಾರ್ಮಿಕನ ಇ.ಎಸ್.ಐ. ಕಾಗದ ಹುಡುಕಿಸಿ 120 ರೂಪಾಯಿ ಕಟ್ಟಿಸುವುದು, ಓಣಿಯ ವೃದ್ಧರ ಮಾತ್ರೆಗಾಗಿ ಆರೋಗ್ಯ ಕೇಂದ್ರದಲ್ಲಿ ಒಟ್ಟಾಗಿ ಕೇಳುವುದು ಓಣಿಯ ನಾಲ್ಕು ಯುವಕರಿಂದ ಆಗುವ ಕೆಲಸ. ಆಸ್ಪತ್ರೆಗೆ ಹೊತ್ತೊಯ್ಯಲು ಓಡಿಬರುವ ನಾವು, ಹೊತ್ತೊಯ್ಯುವ ದಿನ ಬಾರದಂತೆಯೂ ನೋಡಿಕೊಳ್ಳೋಣ.